ಹಿಮಗಾಳಿಯಲ್ಲಿ ಡಾನರ್ ಘಟ್ಟದ ರೈಲು

ಗುರುವಾರ, ಸ್ಯಾಕ್ರಮೆಂಟೊ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸಿಯೆರಾ ನೆವಾಡಾ ಘಟ್ಟ ಹತ್ತುವ ಮೊದಲು ಸ್ಯಾಕ್ರಮೆಂಟೊದ ರೈಲ್ವೆ ಮ್ಯೂಸಿಯಂ ನೋಡಿಕೊಂಡೇ ಹೋಗಬೇಕೆಂದು ನಾನು ಪಟ್ಟು ಹಿಡಿದಿದ್ದೆ. ಪೂರ್ವಕ್ಕೆ ಹೋಗುವ ರೈಲು ಮಧ್ಯಾಹ್ನಕ್ಕೆ ಮುಂಚೆಯೇ ಹೊರಡುವುದರಿಂದ ಒಂದೇ ದಿನ ಎರಡೂ ಆಗುವುದಿಲ್ಲ. ಹಿಂದಿನ ದಿನವೇ ಬಂದಿಳಿಯುವುದು ಒಳ್ಳೆಯದು. ಸ್ಟೇಷನ್ನಿನಿಂದ ಮ್ಯೂಸಿಯಂಗೆ ನಡೆದೇ ಹೋಗಬಹುದು. ತಂಗಿ ಫ್ರೀಮಾಂಟಿನಿಂದ ರಜೆ ಹಾಕಿ ಬಂದಿದ್ದಳು. ಸಾಮಾನು ಹೋಟೆಲಿನಲ್ಲಿಟ್ಟು, ಸಣ್ಣ ಜಡಿಮಳೆಯಲ್ಲೇ ಹೊರಟೆವು.

ಒಳಗೆ ಹೋದವರು ಮೊದಲು ತಲೆಯೆತ್ತಿ ನಿಲ್ಲುವುದು 4294 ನಂಬರಿನ ಉಗಿ ಎಂಜಿನ್ನಿನ ಮುಂದೆ. 1944ರಲ್ಲಿ ಕಟ್ಟಿದ ದೈತ್ಯ. ಅದರ ಡ್ರೈವರ್ ಕೋಣೆ ಮುಂದಿದೆ, ಹೊಗೆಕೊಳವೆ ಹಿಂದಿದೆ. ಇದನ್ನು ಹೀಗೆ ತಿರುವುಮುರುವು ಮಾಡಿಸಿದ್ದೇ ಹಿಮ. ಈ ಘಟ್ಟದಲ್ಲಿ ಹಿಮ ಹಳಿಯನ್ನು ಹೂಳದಿರಲೆಂದು ಮೈಲಿಗಟ್ಟಲೆ ಮರದ ಚಾವಣಿ ಕಟ್ಟಿದ್ದರು. ಸ್ನೋಶೆಡ್ ಎನ್ನುತ್ತಾರೆ. ಹೆಚ್ಚೆಂದರೆ ಸುಮಾರು 37 ಮೈಲಿಯಷ್ಟು ಉದ್ದಕ್ಕೆ ಅವು ಇದ್ದ ಕಾಲವಿತ್ತು. ಆ ಮುಚ್ಚಿದ ದಾರಿಯಲ್ಲಿ, ಸುರಂಗಗಳಲ್ಲಿ, ಸಾಮಾನ್ಯ ಎಂಜಿನ್ ಏರು ಹತ್ತಿದರೆ ಅದರ ಹೊಗೆಯೆಲ್ಲ ಹಿಂದೆ ಕೂತ ಡ್ರೈವರ್ ಮೂಗಿಗೇ ಬರುತ್ತಿತ್ತು. ಉಸಿರು ಕಟ್ಟುವ ಅಪಾಯ. ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಎಂಜಿನ್ ಆದ್ದರಿಂದ ಬೆಂಕಿಗೂಡನ್ನು ಮುಂದಕ್ಕೆ ತರಲು ಸಾಧ್ಯವಾಯಿತು. ಆ ಬಗೆಯ ದೊಡ್ಡ ಎಂಜಿನ್ನುಗಳಲ್ಲಿ ಉಳಿದಿರುವುದು ಇದೊಂದೇ.

ಮರದ ಚಾವಣಿಗೆ ಇನ್ನೊಂದು ಶತ್ರು ಬೇಸಿಗೆ. ಎಂಜಿನ್ನಿನ ಒಂದು ಕಿಡಿ ಸಾಕು, ಒಣಗಿದ ಮರ ಮೈಲಿಗಟ್ಟಲೆ ಹೊತ್ತಿಕೊಳ್ಳುತ್ತಿತ್ತು. ಅದಕ್ಕೆಂದೇ ರೆಡ್ ಮೌಂಟನ್ ಎಂಬ ಬೆಟ್ಟದ ತುದಿಯಲ್ಲಿ ಕಾವಲುಗಾರರನ್ನು ಇಟ್ಟಿದ್ದರು. ನೀರಿನ ಟ್ಯಾಂಕು ಹೊತ್ತ ರೈಲುಗಳು ಕೆಳಗೆ ಸದಾ ಸಿದ್ಧವಿರುತ್ತಿದ್ದವು. ಚಳಿಗಾಲದ ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಬೇಸಿಗೆಯ ಕೆಲಸ ಶುರು. ಈ ಹಳಿಯ ಮೇಲೆ ದುಡಿದವರಿಗೆ ವರ್ಷದಲ್ಲಿ ಬಿಡುವಿನ ಕಾಲವೇ ಇರಲಿಲ್ಲವೇನೋ.

ಸಂಜೆ ಹೋಟೆಲಿಗೆ ಬರುವಷ್ಟರಲ್ಲಿ ತಂಗಿಯ ಫೋನಿಗೆ ಹವಾಮಾನ ಇಲಾಖೆಯ ಎಚ್ಚರಿಕೆ ಬಂದಿತ್ತು.

"ಅಕ್ಕಾ, ಮೇಲೆ ಮೂರ್ನಾಲ್ಕು ಅಡಿ ಬೀಳಬಹುದಂತೆ. ಹೋಗೋದಾ, ಬಿಡೋದಾ?"

"ಕಾರಲ್ಲಾದ್ರೆ ಬೇಡ ಅಂತಿದ್ದೆ. ರೈಲು ತಾನೆ, ಹೋಗೋಣ."

ನಿಜ ಹೇಳಬೇಕೆಂದರೆ ನನಗೆ ಬೇಕಿದ್ದುದೂ ಅದೇ. ಬಿಸಿಲಿನಲ್ಲಿ ಹೊಳೆಯುವ ಹಿಮವನ್ನು ಯಾರು ಬೇಕಾದರೂ ನೋಡಬಹುದು. ಅದು ಬೀಳುವಾಗ ಹಳಿಯನ್ನು ತೆರೆದಿಡುವವರು ಏನು ಮಾಡುತ್ತಾರೆಂಬುದನ್ನು ನೋಡಬೇಕಿತ್ತು.

ಶುಕ್ರವಾರ, ಏರುದಾರಿ

ಸ್ಯಾಕ್ರಮೆಂಟೊ ಸಮುದ್ರಮಟ್ಟಕ್ಕಿಂತ ಸುಮಾರು 30 ಅಡಿ ಎತ್ತರದಲ್ಲಿದೆ. ಅಲ್ಲಿಂದ ನೂರು ಮೈಲಿ ಚಿಲ್ಲರೆ ದೂರದಲ್ಲಿ ಹಳಿ ಏಳು ಸಾವಿರ ಅಡಿಯ ಆಸುಪಾಸಿಗೆ ಏರುತ್ತದೆ. ಕಿಟಕಿಯ ಹೊರಗೆ ಇಡೀ ವರ್ಷದ ಹವಾಮಾನ ಒಂದೇ ಮಧ್ಯಾಹ್ನದಲ್ಲಿ ದಾಟಿಹೋಗುತ್ತದೆ. ರೋಸ್‌ವಿಲ್‌ನಲ್ಲಿ ಮಳೆ. ಆಬರ್ನ್ ಹತ್ತಿರ ಹಸಿರು ಗುಡ್ಡ, ಮೋಡ. ಕೋಲ್‌ಫ್ಯಾಕ್ಸ್‌ನಲ್ಲಿ ಮಳೆಹನಿ ದಪ್ಪಗಾಗಿ, ಗಾಜಿಗೆ ಬಡಿದಾಗ ಸ್ವಲ್ಪ ಹೊತ್ತು ಅಂಟಿಕೊಂಡು ಜಾರತೊಡಗಿತ್ತು.

ಎರಡೂ ಬದಿ ನೋಡಲು ಅಗಲ ಕಿಟಕಿಗಳಿರುವ ಲೌಂಜ್ ಬೋಗಿಯಲ್ಲಿ ಮೊದಲೇ ಹೋಗಿ ಕೂರುವುದು ಲೇಸು. ಕೋಲ್‌ಫ್ಯಾಕ್ಸ್ ದಾಟಿದ ಮೇಲೆ ಬಲಗಡೆ ಇರಬೇಕು. ಕೇಪ್ ಹಾರ್ನ್ ಎಂಬಲ್ಲಿ ಹಳಿ ಕಡಿದಾದ ಬಂಡೆಯ ಪಕ್ಕೆ ಹಿಡಿದು ತಿರುಗುತ್ತದೆ. ಕೆಳಗೆ, ಬಹಳ ಕೆಳಗೆ, ಅಮೆರಿಕನ್ ನದಿಯ ಉತ್ತರ ಕವಲು. 1860ರ ದಶಕದಲ್ಲಿ ಈ ಮಾರ್ಗ ಕಟ್ಟಿದ ಚೀನೀ ಕಾರ್ಮಿಕರನ್ನು ಬುಟ್ಟಿಯಲ್ಲಿ ಇಳಿಬಿಟ್ಟು ಈ ಬಂಡೆ ಕೊರೆಸಿದರೆಂಬ ಕತೆ ಎಲ್ಲರ ಬಾಯಲ್ಲಿದೆ. ಅದಕ್ಕೆ ಆ ಕಾಲದ ದಾಖಲೆ ಸಿಗುವುದಿಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಬುಟ್ಟಿ ಇರಲಿ ಬಿಡಲಿ, ಆ ಅಂಚಿನಲ್ಲಿ ನಿಂತು ಸುತ್ತಿಗೆ ಬೀಸಿದ ಕೈಗಳು ಅವರದೇ ಎಂಬುದರಲ್ಲಿ ಅನುಮಾನವಿಲ್ಲ.

ನಮ್ಮ ಎದುರಿಗೆ ಕೋಲ್‌ಫ್ಯಾಕ್ಸ್‌ನಲ್ಲಿ ಹತ್ತಿದ ಅಜ್ಜಿಯೊಬ್ಬರು ಕೂತಿದ್ದರು. ರೀನೋದಲ್ಲಿರುವ ಮೊಮ್ಮಗಳ ಮನೆಗೆ ಹೊರಟಿದ್ದರು. ಮಡಿಲಲ್ಲಿ ಉಲ್ಲನ್ ಹೆಣಿಗೆ. ನಾವು ಡಬ್ಬಿ ತೆರೆದು ಪುಳಿಯೋಗರೆ ತಿನ್ನುವುದನ್ನು ನೋಡಿ ಏನದು ಎಂದು ಕೇಳಿದರು. ಒಂದು ಚಮಚ ತಿಂದು, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಕೇಳಿ ಹಾಕಿಸಿಕೊಂಡರು. ಬ್ಲೂ ಕ್ಯಾನ್ಯನ್ ದಾಟುವ ಹೊತ್ತಿಗೆ ಹೊರಗೆ ಪೂರ್ತಿ ಬಿಳಿ. ಮುಂದೆ ಯೂಬಾ ಪಾಸ್ ಹತ್ತಿರ ಅವರು ಹೆಣಿಗೆ ಕೆಳಗಿಟ್ಟು ಕಿಟಕಿ ತೋರಿಸಿದರು.

"ಇಲ್ಲೇ ಆ ರೈಲು ಸಿಕ್ಕಿಹಾಕಿಕೊಂಡಿದ್ದು. ನಾನಾಗ ಒಂದನೇ ಕ್ಲಾಸು."

1952ರ ಜನವರಿ 13. 'ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ' ಎಂಬ ಹೆಸರಾಂತ ರೈಲು ಶಿಕಾಗೋ ಕಡೆಯಿಂದ ಬರುತ್ತಾ ಇಲ್ಲಿ ಹಿಮದ ಗುಡ್ಡೆಗೆ ನುಗ್ಗಿ ನಿಂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪ್ರಯಾಣಿಕರು, ಸಿಬ್ಬಂದಿ ಸೇರಿ 226 ಜನ. ಬಿಡಿಸಲು ಬಂದ ಹಿಮ ಕತ್ತರಿಸುವ ಯಂತ್ರಗಳೇ ಸಿಕ್ಕಿಬಿದ್ದವು. ಬೋಗಿ ಬೆಚ್ಚಗಿಡುವ ಇಂಧನ ತೀರಿತು. ಜನ ಕಂಬಳಿ, ಪರದೆ ಸುತ್ತಿಕೊಂಡು ಕೂತರು. ವಿಷಗಾಳಿ ಬೋಗಿಯೊಳಗೆ ತುಂಬಿ ಎಷ್ಟೋ ಜನ ತಲೆಸುತ್ತಿ ಬಿದ್ದರು. ಪ್ರಯಾಣಿಕರಲ್ಲೇ ಇದ್ದ ವೈದ್ಯರೊಬ್ಬರು ಎಲ್ಲರನ್ನೂ ನೋಡಿಕೊಂಡರು. ಕೊನೆಗೆ 16ನೇ ತಾರೀಖು, ಪಕ್ಕದ 40ನೇ ಹೆದ್ದಾರಿಯನ್ನು ತೆರವು ಮಾಡಿ, ಅಲ್ಲಿವರೆಗೆ ಜನರನ್ನು ನಡೆಸಿ, ಕಾರುಗಳಲ್ಲಿ ಸಾಗಿಸಿದರು. ಪ್ರಯಾಣಿಕರೆಲ್ಲ ಬದುಕಿದರು. ಆದರೆ ಅವರನ್ನು ಬಿಡಿಸುವ ಕೆಲಸದಲ್ಲಿದ್ದ ಎಂಜಿನ್ ಡ್ರೈವರ್ ಒಬ್ಬರು ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು.

"ಪೇಪರಿನಲ್ಲೆಲ್ಲ ಪ್ರಯಾಣಿಕರ ಫೋಟೊ ಬಂತು. ನಮ್ಮಮ್ಮ ಮಾತ್ರ ಸತ್ತವರ ಹೆಸರನ್ನೇ ಗಟ್ಟಿಯಾಗಿ ಓದಿ, ಪ್ರಾರ್ಥನೆ ಮಾಡಿ ಅಂತ ನಮಗೆ ಹೇಳಿದರು," ಎಂದರು ಅಜ್ಜಿ.

ಘಟ್ಟದ ನೆತ್ತಿಯ ಹತ್ತಿರದ ನಾರ್ಡನ್ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ನಮ್ಮ ರೈಲೂ ನಿಂತಿತು. ಕಂಡಕ್ಟರ್ ಮೈಕಿನಲ್ಲಿ ಸಮಾಧಾನವಾಗಿ ಹೇಳಿದರು: ಮುಂದಿನ ಪಾಯಿಂಟ್ ಕೂರುತ್ತಿಲ್ಲ, ಕೆಲಸದವರು ಬಿಡಿಸುತ್ತಿದ್ದಾರೆ, ಕಾಯಬೇಕು. ಪಾಯಿಂಟ್ ಎಂದರೆ ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ. ಅಲ್ಲಿ ಅಲುಗಾಡುವ ಚೂಪು ಹಳಿ ಪಕ್ಕದ ಹಳಿಗೆ ಸಂದಿಲ್ಲದಂತೆ ಅಂಟಿ ಕೂರಬೇಕು. ನಡುವೆ ಒಂದು ಹಿಡಿ ಹಿಮ ಗಟ್ಟಿಯಾಗಿ ಕೂತರೂ ಸಿಗ್ನಲ್ ಬೀಳುವುದಿಲ್ಲ. ಅಲ್ಲಿ ಹಿಮ ಕರಗಿಸುವ ಹೀಟರ್ ಇರುತ್ತದೆ. ಆದರೆ ಗಂಟೆಗೆ ಇಂಚುಗಟ್ಟಲೆ ಬೀಳುವ ಹಿಮ, ಜೊತೆಗೆ ಎಂಜಿನ್ನಿನ ಹೊಟ್ಟೆಯಡಿಯಿಂದ ಕಳಚಿ ಬೀಳುವ ಮಂಜುಗಡ್ಡೆಯ ತುಂಡುಗಳು ಹೀಟರನ್ನು ಸೋಲಿಸಿಬಿಡುತ್ತವೆ. ಆಗ ಉಳಿಯುವುದು ಪೊರಕೆ, ಸಲಿಕೆ, ಮನುಷ್ಯನ ಸೊಂಟ.

ಸ್ವಲ್ಪ ಹೊತ್ತಿಗೆ ರೈಲು ತೆವಳುವಂತೆ ಮುಂದೆ ಸರಿಯಿತು. ಹಳದಿ ಜಾಕೆಟ್ ತೊಟ್ಟ ನಾಲ್ಕೈದು ಜನ ಪಕ್ಕಕ್ಕೆ ಸರಿದು ನಿಂತಿದ್ದರು. ಮುಖ ಕಾಣದ ಹಾಗೆ ಬಟ್ಟೆ ಸುತ್ತಿದ್ದರು. ಹುಬ್ಬಿನ ಮೇಲೆಲ್ಲ ಹಿಮ. ಒಬ್ಬ ಸಲಿಕೆಗೆ ಗದ್ದ ಊರಿ ನಮ್ಮ ಬೆಚ್ಚಗಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದ. ನನಗೆ ಅಲ್ಲಿ ನಮ್ಮಪ್ಪ ಕಂಡರು. ಅಪ್ಪ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಆಷಾಢದ ಮಳೆಯಲ್ಲಿ ರಾತ್ರಿಪೂರ್ತಿ ಲಾಟೀನು, ಅಪಾಯವಿದ್ದರೆ ರೈಲಿಗೆ ಎಚ್ಚರಿಸಲು ಹಳಿಗೆ ಕಟ್ಟುವ ಪಟಾಕಿ ಹಿಡಿದು, ಗುಡ್ಡ ಎಲ್ಲಿ ಕುಸಿದಿದೆಯೋ ಎಂದು ಗಸ್ತು ತಿರುಗುತ್ತಿದ್ದರು. ರೈಲು ದಾಟಿ ಹೋಗುವಾಗ ಅವರೂ ಹೀಗೇ ಪಕ್ಕಕ್ಕೆ ಸರಿದು ನಿಂತಿರುತ್ತಿದ್ದರು. ನಾನು ಗಾಜಿಗೆ ಹತ್ತಿರವಾಗಿ ಕೈಮುಗಿದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ಸಲಿಕೆ ಮೇಲೆತ್ತಿ ಆಡಿಸಿದ.

ಆಮೇಲೆ ಸುರಂಗ. 1925ರಲ್ಲಿ ತೆರೆದ 41ನೇ ನಂಬರಿನ ಸುರಂಗ, 10,326 ಅಡಿ ಉದ್ದ. ಜುಡಾ ಬೆಟ್ಟದ ಹೊಟ್ಟೆಯೊಳಗೆ ಹಾದು ಹೋಗುತ್ತದೆ. ಈ ರೈಲು ಮಾರ್ಗದ ಕನಸು ಕಂಡು, ಘಟ್ಟದಲ್ಲಿ ದಾರಿ ಹುಡುಕಿದ ಎಂಜಿನಿಯರ್ ಥಿಯೋಡೋರ್ ಜುಡಾ ಅವರ ಹೆಸರು ಆ ಬೆಟ್ಟಕ್ಕೆ. ಕೆಲಸ ಶುರುವಾದ ವರ್ಷವೇ, 1863ರಲ್ಲಿ, ಅವರು ತೀರಿಕೊಂಡರು. ಸುರಂಗ ದಾಟಿದ ಮೇಲೆ ಎಡಗಡೆ ಕೆಳಗೆ ಡಾನರ್ ಕೆರೆ ಕಾಣಬೇಕು. ನಮಗೆ ಕಂಡದ್ದು ಅಡ್ಡಡ್ಡ ಹಾರುವ ಬಿಳುಪು ಮಾತ್ರ.

ಘಟ್ಟದಾಚೆಯ ಊರು ಟ್ರಕಿಯಲ್ಲಿ ಇಳಿದಾಗ ಕತ್ತಲಾಗಿತ್ತು. ಚಕ್ರದ ಸೂಟ್‌ಕೇಸು ಹಿಮದಲ್ಲಿ ಒಂದು ಹೆಜ್ಜೆಯೂ ಉರುಳುವುದಿಲ್ಲ, ನೇಗಿಲಿನಂತೆ ಉಳುತ್ತದೆ. ಬೆನ್ನಿಗೆ ಹಾಕುವ ಚೀಲವೇ ಸರಿ. ಯಾರನ್ನೋ ಕರೆದೊಯ್ಯಲು ಬಂದಿದ್ದ ಹುಡುಗನೊಬ್ಬ ತನ್ನ ಪ್ಲಾಸ್ಟಿಕ್ ಜಾರುಬಂಡಿಯ ಮೇಲೆ ನಮ್ಮ ಸೂಟ್‌ಕೇಸನ್ನೂ ಹೇರಿ, ಹಗ್ಗ ಹಿಡಿದು ಎಳೆಯುತ್ತಾ ನಮ್ಮ ವಸತಿಯ ಬಾಗಿಲವರೆಗೆ ತಂದು ಬಿಟ್ಟ.

ಶನಿವಾರ, ಟ್ರಕಿ

ಬೆಳಗ್ಗೆ ಎದ್ದಾಗ ಕೋಣೆಯಲ್ಲಿ ಕರೆಂಟಿರಲಿಲ್ಲ. ಕಿಟಕಿಯ ಅರ್ಧದವರೆಗೆ ಹಿಮ. ಕೆಳಗೆ ಮನೆಯೊಡತಿ ಗ್ಯಾಸ್ ಒಲೆಯ ಮೇಲೆ ನೀರಿಟ್ಟಿದ್ದರು. ಮುಂಬಾಗಿಲು ಒಳಕ್ಕೆ ತೆರೆಯಿತು. ಹೊರಗೆ ಎದೆಮಟ್ಟದ ಬಿಳಿಗೋಡೆ, ಅದರಲ್ಲಿ ಬಾಗಿಲಿನ ಅಚ್ಚು ಹಾಗೇ ಮೂಡಿತ್ತು.

"ಬಾಗಿಲು ಹೊರಕ್ಕೆ ತೆರೆಯೋ ಹಾಗಿದ್ರೆ ನಾವೆಲ್ಲ ಈಗ ಒಳಗೇ ಬಂದಿ," ಎಂದು ಅವರು ಸಲಿಕೆ ಕೈಗೆತ್ತಿಕೊಂಡರು. ನಾವೂ ಒಂದೊಂದು ತೆಗೆದುಕೊಂಡೆವು.

ಹಿಮ ಹಗುರ ಎಂದುಕೊಂಡಿರುವವರು ಇಲ್ಲಿ ಒಂದು ಸಲಿಕೆ ಎತ್ತಿ ನೋಡಬೇಕು. ಪೆಸಿಫಿಕ್ ಸಾಗರದಿಂದ ಬರುವ ಒದ್ದೆ ಮೋಡ ಈ ಘಟ್ಟಕ್ಕೆ ಬಡಿದು ಮೇಲೇರಿ ಸುರಿಸುವ ಹಿಮದಲ್ಲಿ ನೀರಿನಂಶ ಹೆಚ್ಚು. ಸಿಯೆರಾ ಸಿಮೆಂಟ್ ಎಂದು ಇಲ್ಲಿನವರು ಕರೆಯುತ್ತಾರೆ. ಸುಮ್ಮನೆ ಬಿಟ್ಟರೆ ರಾತ್ರಿ ಬೆಳಗಾಗುವುದರಲ್ಲಿ ಕಲ್ಲಾಗುತ್ತದೆ. ಬೀಳುವಾಗಲೇ ತೆಗೆಯುತ್ತಿರಬೇಕು, ಬೆನ್ನು ಬಾಗಿಸದೆ ಮಂಡಿ ಬಾಗಿಸಬೇಕು, ಸಲಿಕೆಗೆ ಸ್ವಲ್ಪ ಎಣ್ಣೆ ಸವರಿದರೆ ಅಂಟುವುದಿಲ್ಲ. ಮನೆಯೊಡತಿ ಇದನ್ನೆಲ್ಲ ಕೆಲಸ ಮಾಡುತ್ತಲೇ ಹೇಳಿಕೊಟ್ಟರು. ಬಾಗಿಲಿನ ದಾರಿ ಆದಮೇಲೆ ಅವರು ಹೋಗಿದ್ದು ಗ್ಯಾಸ್ ಮೀಟರಿನ ಕಡೆಗೆ. ಚಾವಣಿಯಿಂದ ಜಾರಿದ ಹಿಮ ಪೈಪು ಮುರಿದರೆ ಮನೆಯೇ ಹೊತ್ತಿಕೊಳ್ಳಬಹುದು. ಹೊಗೆಕೊಳವೆ ಮುಚ್ಚಿದರೆ ವಿಷಗಾಳಿ ಒಳಗೇ ಉಳಿಯುತ್ತದೆ. ಅದಾದ ಮೇಲೆ ಬೀದಿಯ ನೀರಿನ ಹೈಡ್ರೆಂಟ್. ಪ್ರತಿಯೊಂದಕ್ಕೂ ಎತ್ತರದ ಕೋಲು ಕಟ್ಟಿರುತ್ತಾರೆ, ಹಿಮದಡಿ ಎಲ್ಲಿದೆಯೆಂದು ತಿಳಿಯಲು. ಬೆಂಕಿ ಬಿದ್ದ ದಿನ ಹುಡುಕುತ್ತಾ ಕೂರಲಾಗದೆಂದು ಆಯಾ ಬೀದಿಯವರೇ ಅದನ್ನು ಬಿಡಿಸಿಡುತ್ತಾರೆ. ಚಾವಣಿಯ ಅಂಚಿನ ಕೆಳಗೆ ಎಂದೂ ನಿಲ್ಲಬೇಡಿ ಎಂದು ನಮಗೆ ಎರಡೆರಡು ಸಲ ಹೇಳಿದರು.

ಎಂಬತ್ತನೇ ಹೆದ್ದಾರಿ ರಾತ್ರಿಯೇ ಮುಚ್ಚಿತ್ತು. ಶಾಲೆಗಳ ಶನಿವಾರದ ಆಟೋಟ ರದ್ದು. ಅಂಗಡಿಯಲ್ಲಿ ಬ್ರೆಡ್ಡು, ಹಾಲು, ಮೊಟ್ಟೆಯ ಕಪಾಟು ಖಾಲಿ. ಲಾರಿಗಳೆಲ್ಲ ಘಟ್ಟದ ಎರಡೂ ಬುಡಗಳಲ್ಲಿ ಸಾಲುಗಟ್ಟಿ ನಿಂತಿವೆ ಎಂದರು ಗಲ್ಲೆಯಲ್ಲಿದ್ದ ಹುಡುಗಿ. ಮಗುವಿನ ಹಾಲಿನ ಪುಡಿಗೆ ಬಂದಿದ್ದ ಒಬ್ಬ ತಂದೆಗೆ ಆಕೆ ಒಳಗೆ ಹೋಗಿ ಯಾರಿಗೋ ಎತ್ತಿಟ್ಟಿದ್ದ ಡಬ್ಬಿಯನ್ನು ತಂದುಕೊಟ್ಟಳು. ಅದೇ ಹೊತ್ತಿಗೆ ಬೀದಿಯಾಚೆ ಎಂಜಿನ್ನಿನ ಕೂಗು ಕೇಳಿಸಿತು. ರಸ್ತೆ ಸತ್ತಿತ್ತು. ಹಳಿ ಜೀವಂತವಾಗಿತ್ತು.

ಹೊರಗೆ ಓಡಿ ಹೋಗಿ ನೋಡಿದೆವು. ಎಂಜಿನ್ನು ಒಂದು ಹಳದಿ ಯಂತ್ರವನ್ನು ತಳ್ಳಿಕೊಂಡು ಬರುತ್ತಿತ್ತು. ಎರಡೂ ಕಡೆ ಕಬ್ಬಿಣದ ರೆಕ್ಕೆ ಬಿಚ್ಚಿ, ಹಳಿ ಪಕ್ಕದ ಹಿಮವನ್ನು ದೂರಕ್ಕೆ ಒತ್ತುತ್ತಿತ್ತು. ಸ್ಪ್ರೆಡರ್ ಅದರ ಹೆಸರು. ಅದರ ಹಿಂದೆ ಹಿಮ ಹೊಸದಾಗಿ ಉತ್ತ ಗದ್ದೆಯ ಬದುವಿನಂತೆ ಎದ್ದು ನಿಂತಿತ್ತು.

ಕರೆಂಟ್ ಬಂದ ಮೇಲೆ ಸ್ಟೇಷನ್ ಎದುರಿನ ಸಾಲಿನ ಒಂದು ಕಾಫಿ ಅಂಗಡಿಯಲ್ಲಿ ಕೂತೆವು. ಬಿಸಿ ಬಟಾಣಿ ಸೂಪು, ಹುಳಿ ಬ್ರೆಡ್ಡು. ಜಾಗವಿಲ್ಲದ್ದರಿಂದ ಒಬ್ಬ ಹಿರಿಯರ ಮೇಜಿನಲ್ಲೇ ನಮ್ಮನ್ನೂ ಕೂರಿಸಿದರು. ಅಗಲ ಅಂಗೈ, ಎರಡು ಬೆರಳಿನ ತುದಿ ಬಣ್ಣಗೆಟ್ಟಿತ್ತು. ಮೂವತ್ತಕ್ಕೂ ಹೆಚ್ಚು ಚಳಿಗಾಲ ಈ ಹಳಿಯ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ನಮ್ಮಪ್ಪನ ಕೆಲಸ ಹೇಳಿದೆ. ಅವರು ಚಮಚ ಕೆಳಗಿಟ್ಟು ಕೈ ಕುಲುಕಿದರು. ಆಮೇಲೆ ನಾವು ಕೇಳದೆಯೇ ಮಾತು ಹರಿಯಿತು.

"ಫ್ಲ್ಯಾಂಜರ್ ಅಂತ ಒಂದಿದೆ. ಅದಕ್ಕೆ ಹಳಿಗಳ ನಡುವೆ ಇಳಿಬಿಡೋ ಅಲಗು ಇರುತ್ತೆ. ಹಳಿಯ ಒಳಮೈಗೆ ಗಾಲಿಯ ಅಂಚು ಕೂರೋ ಜಾಗ ಇದೆಯಲ್ಲ, ಅಲ್ಲಿ ಹಿಮ ಗಟ್ಟಿಯಾದ್ರೆ ಗಾಡಿ ಮೇಲೆದ್ದು ಹಳಿ ಬಿಡುತ್ತೆ. ಅದನ್ನ ಕೆರೆದು ತೆಗೆಯೋದು ಅಲಗಿನ ಕೆಲಸ. ಆದ್ರೆ ಪಾಯಿಂಟ್ ಬಂತು, ಗೇಟ್ ಬಂತು ಅಂದ್ರೆ ಅಲಗು ಮೇಲೆತ್ತಬೇಕು. ಎತ್ತಲಿಲ್ಲ ಅಂದ್ರೆ ಅಲಗೂ ಹೋಯ್ತು, ಹಳಿಯೂ ಹೋಯ್ತು. ಪಕ್ಕದಲ್ಲಿ ಬೋರ್ಡ್ ಇರುತ್ತೆ. ಬಿರುಗಾಳೀಲಿ ಯಾವ ಬೋರ್ಡು ಕಾಣುತ್ತೆ ಹೇಳಿ? ತಿರುವು, ಸೇತುವೆ, ಚಾವಣಿ ಎಲ್ಲ ಮೈಗೆ ಗೊತ್ತಿರಬೇಕು. ಸದ್ದಿನ ಮೇಲೇ ಎಲ್ಲಿದ್ದೀವಿ ಅಂತ ಹೇಳ್ತಿದ್ವಿ."

ಸ್ಪ್ರೆಡರ್ ಒತ್ತಿ ಒತ್ತಿ ಎರಡೂ ಬದಿಯ ಹಿಮದ ಗೋಡೆ ಇನ್ನು ಸರಿಯದಷ್ಟು ಎತ್ತರವಾದರೆ ಕೊನೆಯ ಉಪಾಯ ರೋಟರಿ. ಮೂತಿಯಲ್ಲಿ ಆಳೆತ್ತರಕ್ಕೂ ಮೀರಿದ ಚಕ್ರ, ಅದು ಹಿಮವನ್ನು ಕೊರೆದು ದೂರಕ್ಕೆ ಚಿಮ್ಮುತ್ತದೆ. ಅದು ತಾನಾಗಿ ಚಲಿಸುವುದಿಲ್ಲ. ಅದರ ಶಕ್ತಿಯೆಲ್ಲ ಚಕ್ರ ತಿರುಗಿಸುವುದಕ್ಕೇ. ಹಿಂದಿನಿಂದ ಎಂಜಿನ್ನುಗಳು ತಳ್ಳಬೇಕು. ಇಂಥದ್ದೊಂದರ ಕಲ್ಪನೆಯನ್ನು ಮೊದಲು ಮಾಡಿದವರು ಕೆನಡಾದ ಹಲ್ಲಿನ ವೈದ್ಯ ಜೆ.ಡಬ್ಲ್ಯೂ. ಎಲಿಯಟ್, 1869ರಲ್ಲಿ. ಇಲ್ಲಿ ಎರಡು ರೋಟರಿಗಳನ್ನು ಬೆನ್ನಿಗೆ ಬೆನ್ನು ಮಾಡಿ, ನಡುವೆ ಎಂಜಿನ್ನಿಟ್ಟು ಕಳಿಸುತ್ತಾರೆ. ಮುಂದೆ ಹೋಗಲಾಗದೆ ನಿಂತಾಗ ಹಿಂದೆಯೂ ಹಿಮ ಕುಸಿದಿದ್ದರೆ ಕೊರೆದುಕೊಂಡು ವಾಪಸು ಬರಲು. 1952ರ ಕತೆ ಗೊತ್ತಿರುವವರಿಗೆ ಆ ಎರಡನೇ ರೋಟರಿ ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

"ಹೊಸ ಹಿಮಕ್ಕೆ ರೋಟರಿ ಹೆದರಲ್ಲ. ಗುಡ್ಡದಿಂದ ಜಾರಿ ಬಂದ ಹಿಮಕ್ಕೆ ಹೆದರುತ್ತೆ," ಎಂದರು. "ಅದರೊಳಗೆ ಮರ, ಬಂಡೆ ಎಲ್ಲ ಇರುತ್ತೆ. ಚಕ್ರದ ಅಲಗು ಚೂರುಚೂರು. ಅಂಥ ಕಡೆ ಮೊದಲು ಮನುಷ್ಯರು ಇಳಿದು ಕೋಲು ಚುಚ್ಚಿ ನೋಡಬೇಕು. ತಲೆ ಮೇಲೆ ಇನ್ನೂ ಎಷ್ಟು ನಿಂತಿದೆಯೋ ಗೊತ್ತಿಲ್ಲದೆ."

ರೈಲು ಓಡಿಸುವವರ ಕಷ್ಟವನ್ನೂ ಹೇಳಿದರು. ಬ್ರೇಕಿನ ಕಟ್ಟೆಗೂ ಗಾಲಿಗೂ ನಡುವೆ ಮಂಜುಗಡ್ಡೆ ಕೂತರೆ ಬ್ರೇಕ್ ಹಿಡಿಯುವುದೇ ಇಲ್ಲ. ಹಾಗಾಗಿ ಆಗಾಗ ಸ್ವಲ್ಪ ಬ್ರೇಕ್ ಒತ್ತಿ ಬೆಚ್ಚಗಿಡುತ್ತಲೇ ಇಳಿಜಾರಿಗೆ ಬರಬೇಕು. ರೈಲು ಸಿಬ್ಬಂದಿ ಹನ್ನೆರಡು ಗಂಟೆ ಮೀರಿ ಗಾಡಿ ಓಡಿಸುವಂತಿಲ್ಲ ಎನ್ನುವುದು ಈ ದೇಶದ ಕಾನೂನು. ಹಿಮದಲ್ಲಿ ರೈಲು ನಿಂತು ನಿಂತು ಬಂದು ಹೊತ್ತು ಮುಗಿದರೆ ಅದು ಇದ್ದಲ್ಲೇ ನಿಲ್ಲಬೇಕು. ಬದಲಿ ಸಿಬ್ಬಂದಿ ವ್ಯಾನಿನಲ್ಲಿ ಬರಬೇಕು. ವ್ಯಾನ್ ಬರುವ ಹೆದ್ದಾರಿಯೇ ಮುಚ್ಚಿದ್ದರೆ? ಅವರು ಭುಜ ಕುಣಿಸಿದರು. ಹಳಿ ಸ್ವಚ್ಛವಾಗಿದ್ದೂ ರೈಲು ನಿಂತಿರುವುದುಂಟು. ದೂರದಲ್ಲಿ ಕೂತು ರೈಲು ತಡವೆಂದು ಬೈಯುವ ಯಾರಿಗೂ ಇದು ಕಾಣುವುದಿಲ್ಲ.

"ಮನೇಲಿ ಏನಂತಿದ್ರು?" ತಂಗಿ ಕೇಳಿದಳು.

"ನನ್ನ ಹೆಂಡತಿ ಹತ್ತೇ ನಿಮಿಷದಲ್ಲಿ ಎಬ್ಬಿಸಿ, ಫ್ಲಾಸ್ಕು ಕೈಗಿಟ್ಟು ಕಳಿಸ್ತಿದ್ದಳು. ಕ್ರಿಸ್‌ಮಸ್ ಊಟ ನಾವು ಮಾಡಿದ್ದು ಹೆಚ್ಚಾಗಿ ಜನವರೀಲಿ. ನಾನು ಊರಿನ ಹಳಿಯೆಲ್ಲ ತೆರವು ಮಾಡ್ತಿದ್ದೆ, ನಮ್ಮನೆ ಮುಂದಿನ ಹಿಮ ಎಲ್ಲ ಅವಳೇ ತೆಗೀತಿದ್ದಳು. ಈಗ ಆ ಕೆಲಸ ನಂದು. ಅವಳಿಗೆ ಮಂಡಿನೋವು."

ಬಿಲ್ ಕೊಡಲು ಅವರು ಬಿಡಲಿಲ್ಲ.

ಭಾನುವಾರ, ಕೆರೆಯ ದಂಡೆ

ಮಧ್ಯಾಹ್ನದ ಹೊತ್ತಿಗೆ ಗಾಳಿ ತಗ್ಗಿತು. ಮನೆಯೊಡತಿ ತಮ್ಮ ಗಾಡಿಯಲ್ಲಿ ಡಾನರ್ ಸ್ಮಾರಕದವರೆಗೆ ಬಿಟ್ಟರು. ಕಾಲು ಹೂತುಹೋಗದಂತೆ ಕಟ್ಟಿಕೊಳ್ಳುವ ಅಗಲದ ಹಿಮಬೂಟು ಊರಿನಲ್ಲಿ ಬಾಡಿಗೆಗೆ ಸಿಗುತ್ತದೆ, ಅದಿಲ್ಲದೆ ತುಳಿದ ದಾರಿ ಬಿಟ್ಟು ಹೋಗಬಾರದು. ತಂಗಿ ಒಂದು ಹೆಜ್ಜೆ ಪಕ್ಕಕ್ಕಿಟ್ಟಳು, ಸೊಂಟದವರೆಗೆ ಇಳಿದಳು. ಎಳೆದು ತೆಗೆಯಲು ಇಬ್ಬರು ಬೇಕಾಯಿತು. ಚಳಿಗೆ ನನ್ನ ಫೋನಿನ ಬ್ಯಾಟರಿ ಸತ್ತು ಫೋಟೊ ಒಂದೂ ಇಲ್ಲ. ಫೋನನ್ನು ಒಳಜೇಬಿನಲ್ಲಿ, ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು.

1846ರ ಚಳಿಗಾಲದಲ್ಲಿ ಎತ್ತಿನ ಗಾಡಿಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಡಾನರ್ ತಂಡ ಇಲ್ಲೇ ಹಿಮಕ್ಕೆ ಸಿಕ್ಕಿತು. ಹಸಿವಿನಲ್ಲಿ ಅವರು ಪಟ್ಟ ಪಾಡು ಜಗತ್ತಿಗೇ ಗೊತ್ತು, ಅದನ್ನಿಲ್ಲಿ ಕೆದಕುವುದು ಬೇಡ. ಸರಿಸುಮಾರು ಅರ್ಧದಷ್ಟು ಜನ ಬದುಕಿ ಬಂದರು. 1918ರಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಅಪ್ಪ, ಅಮ್ಮ, ಮಕ್ಕಳು ಪಶ್ಚಿಮಕ್ಕೆ ನೋಡುತ್ತಾ ನಿಂತಿದ್ದಾರೆ. ಅದರ ಪೀಠವೇ 22 ಅಡಿ. ಆ ವರ್ಷ ಇಲ್ಲಿದ್ದ ಹಿಮದ ಆಳ ಅಷ್ಟು ಎನ್ನುವ ಲೆಕ್ಕ. ಅದರ ಬುಡದಲ್ಲಿ ನಿಂತು ಕತ್ತೆತ್ತಿದರೆ ಮಕ್ಕಳ ಪಾದ ಎಲ್ಲೋ ಮರದ ಕೊಂಬೆಗಳ ಎತ್ತರದಲ್ಲಿ ಕಾಣುತ್ತದೆ. ಡಾನರ್ ತಂಡ ಸಿಕ್ಕಿಬಿದ್ದು ಇಪ್ಪತ್ತೆರಡು ವರ್ಷ ತುಂಬುವುದರೊಳಗೆ ಇದೇ ಘಟ್ಟದ ಮೇಲೆ ರೈಲು ಓಡಿತು.

ಸಂಜೆ ಊರೊಳಗೆ ನಡೆಯುವಾಗ ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. ರೈಲು ಕಟ್ಟಿದ ಚೀನೀಯರು ಕೆಲಸ ಮುಗಿದ ಮೇಲೆ ಟ್ರಕಿಯಲ್ಲಿ ನೆಲೆನಿಂತಿದ್ದರು, ಅವರದೇ ದೊಡ್ಡ ಕೇರಿ ಇತ್ತು. 1886ರ ಸುಮಾರಿಗೆ ಅವರಿಗೆ ಕೆಲಸ ಕೊಡಬಾರದು, ಅವರಿಂದ ಏನೂ ಕೊಳ್ಳಬಾರದು ಎಂದು ಊರು ಬಹಿಷ್ಕಾರ ಹಾಕಿ ಅವರನ್ನು ಓಡಿಸಿತು. ಮುಂದಾಳು ಚಾರ್ಲ್ಸ್ ಮ್ಯಾಕ್‌ಗ್ಲಾಶನ್. ಡಾನರ್ ತಂಡದಲ್ಲಿ ಬದುಕುಳಿದವರನ್ನು ಹುಡುಕಿ ಹುಡುಕಿ ಮಾತಾಡಿಸಿ ಅವರ ನೋವನ್ನು ಬರೆದಿಟ್ಟವರೂ ಅವರೇ. ಒಬ್ಬರ ಸಂಕಟಕ್ಕೆ ಅಷ್ಟು ಕಿವಿಗೊಟ್ಟ ಮನುಷ್ಯನಿಗೆ ಪಕ್ಕದ ಬೀದಿಯವರ ಸಂಕಟ ಕೇಳಿಸಲಿಲ್ಲ. ನನಗೆ ಇದನ್ನು ಇವತ್ತಿಗೂ ಅರಗಿಸಿಕೊಳ್ಳಲಾಗಿಲ್ಲ.

ಸೋಮವಾರ, ಘಟ್ಟದ ನೆತ್ತಿ

ಬಿಸಿಲು! ಕಪ್ಪು ಕನ್ನಡಕವಿಲ್ಲದೆ ಕಣ್ಣು ಬಿಡಲಾಗದ ಬಿಸಿಲು. ಹೆದ್ದಾರಿ ತೆರೆದಿತ್ತು, ಗಾಲಿಗೆ ಸರಪಳಿ ಕಡ್ಡಾಯ. ಟೈರಿಗೆ ಸರಪಳಿ ಕಟ್ಟಿಕೊಡುವವರು ನಂಬರಿನ ಅಂಗಿ ತೊಟ್ಟು ರಸ್ತೆ ಬದಿಯಲ್ಲೇ ನಿಂತಿರುತ್ತಾರೆ. ಒದ್ದೆ ಹಿಮದಲ್ಲಿ ಅಂಗಾತ ಮಲಗಿ ಕಟ್ಟುವ ಅವರಿಗೆ ಕೊಡುವ ಡಾಲರಿನ ಬಗ್ಗೆ ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ. ಮನೆಯೊಡತಿಗೆ ಸೋಡಾ ಸ್ಪ್ರಿಂಗ್ಸ್‌ನಲ್ಲಿ ಕೆಲಸವಿತ್ತು. ಹಳೆಯ 40ನೇ ಹೆದ್ದಾರಿಯಲ್ಲೇ ಹೋಗೋಣ ಎಂದು ನಮ್ಮನ್ನೂ ಕರೆದೊಯ್ದರು.

1926ರ ಕಮಾನು ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿ ಅವರು ಮೇಲೆ ಕೈ ತೋರಿಸಿದರು. ಎರಡು ಬಂಡೆಗಳ ನಡುವಿನ ಕಂದಕ ತುಂಬಿಸಿ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಎತ್ತಿದ ಗೋಡೆ. ಚೈನಾ ವಾಲ್ ಎಂದೇ ಹೆಸರು. ಅರ್ಧ ಹಿಮದಲ್ಲಿ ಹೂತಿತ್ತು. ಅದರ ಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ರೈಲು ಓಡಿವೆ. 1993ರಲ್ಲಿ ಈ ಹಳೆಯ ಹಳಿ ಕೈಬಿಟ್ಟು ಎಲ್ಲವನ್ನೂ ಕೆಳಗಿನ ಉದ್ದ ಸುರಂಗಕ್ಕೆ ತಿರುಗಿಸಿದರು. ಗೋಡೆ ಮಾತ್ರ ಒಂದಿಷ್ಟೂ ವಾಲಿಲ್ಲ.

ಅದರ ಪಕ್ಕದಲ್ಲೇ ನೆತ್ತಿಯ ಸುರಂಗ, 6ನೇ ನಂಬರಿನದು, 1,659 ಅಡಿ. ಗಟ್ಟಿ ಗ್ರಾನೈಟು. ಕೈಯಿಂದ ಉಳಿ ಹೊಡೆದು, ಕಪ್ಪುಮದ್ದು ತುಂಬಿ ಸಿಡಿಸಿದರೆ ಒಂದು ಮುಖದಲ್ಲಿ ದಿನಕ್ಕೆ ಒಂದಡಿ ಆಸುಪಾಸು ಮಾತ್ರ ಮುಂದುವರಿಯುತ್ತಿತ್ತು. ನಡುವೆ ಮೇಲಿನಿಂದ ಬಾವಿ ತೋಡಿ, ಒಳಗಿನಿಂದ ಎರಡೂ ಕಡೆಗೆ, ಹೊರಗಿನಿಂದ ಎರಡೂ ಕಡೆಯಿಂದ, ಹೀಗೆ ನಾಲ್ಕು ಮುಖದಲ್ಲಿ ಕೊರೆದರು. ಆಮೇಲೆ ನೈಟ್ರೋಗ್ಲಿಸರಿನ್ನನ್ನು ಅಲ್ಲೇ ತಯಾರಿಸಿ ಬಳಸಿದರು. 1866–67ರ ಆ ಚಳಿಗಾಲದಲ್ಲಿ 44 ಬಿರುಗಾಳಿ ಬಂದವೆಂದು ಸ್ಥಳದಲ್ಲಿದ್ದ ಎಂಜಿನಿಯರ್ ಜಾನ್ ಗಿಲಿಸ್ ಲೆಕ್ಕ ಇಟ್ಟಿದ್ದಾರೆ. ಕಾರ್ಮಿಕರು ತಿಂಗಳುಗಟ್ಟಲೆ ಹಿಮದೊಳಗೆ ತೋಡಿದ ದಾರಿಯಲ್ಲೇ ಗುಡಿಸಲಿನಿಂದ ಸುರಂಗಕ್ಕೆ, ಸುರಂಗದಿಂದ ಗುಡಿಸಲಿಗೆ ಓಡಾಡಿದರು. ಹಿಮ ಜಾರಿ ಗುಡಿಸಲುಗಳೇ ಕೊಚ್ಚಿಹೋದದ್ದುಂಟು. ಸತ್ತವರ ಲೆಕ್ಕವನ್ನು ರೈಲು ಕಂಪನಿ ಬರೆದಿಡಲಿಲ್ಲ. ಅದೇ ಚಳಿಗಾಲದಲ್ಲಿ, ಸುರಂಗ ಮುಗಿಯುವವರೆಗೆ ಕಾಯದೆ ಆಚೆಗಿನ ಹಳಿ ಹಾಕಬೇಕೆಂದು ಮೂರು ಎಂಜಿನ್ನು, 40 ಬಂಡಿಗಳನ್ನು ಬಿಚ್ಚಿ, ಮರದ ದಿಮ್ಮಿ ಮತ್ತು ಜಾರುಬಂಡಿಗಳ ಮೇಲೆ ಹೇರಿ ಈ ನೆತ್ತಿ ದಾಟಿಸಿ ಟ್ರಕಿಗೆ ಎಳೆದೊಯ್ದರು.

1867ರ ಜೂನಿನಲ್ಲಿ ಸಾವಿರಾರು ಚೀನೀ ಕಾರ್ಮಿಕರು ಬಿಳಿಯರಿಗೆ ಸಮಾನ ಕೂಲಿ, ಕಡಿಮೆ ಹೊತ್ತಿನ ಕೆಲಸ ಕೇಳಿ ಮುಷ್ಕರ ಹೂಡಿದರು. ಒಂದು ಗಲಾಟೆ ಇಲ್ಲ, ತಂತಮ್ಮ ಬಿಡಾರದಲ್ಲಿ ಸುಮ್ಮನೆ ಕೂತರು. ಕಂಪನಿಯ ಚಾರ್ಲ್ಸ್ ಕ್ರಾಕರ್ ಘಟ್ಟದ ಮೇಲೆ ದಿನಸಿ ಹೋಗದಂತೆ ತಡೆದರು. ಸುಮಾರು ವಾರದಲ್ಲಿ ಮುಷ್ಕರ ಮುರಿಯಿತು. ಅಂಥ ಚಳಿಗಾಲವನ್ನು ಗೆದ್ದವರನ್ನು ಹಸಿವಿನಿಂದ ಸೋಲಿಸಿದರು.

ಸೋಡಾ ಸ್ಪ್ರಿಂಗ್ಸ್ ಹತ್ತಿರ ವಿಶ್ವವಿದ್ಯಾಲಯದ ಹಿಮ ಪ್ರಯೋಗಾಲಯವಿದೆ, 1946ರಿಂದ ಇಲ್ಲಿ ಬೀಳುವ ಹಿಮ ಅಳೆಯುತ್ತಾ ಬಂದಿದ್ದಾರೆ. 2022–23ರ ಚಳಿಗಾಲದಲ್ಲಿ 754 ಇಂಚು, ಅಂದರೆ 60 ಅಡಿಗೂ ಮೇಲೆ. ಮನೆಯೊಡತಿ ಆ ವರ್ಷ ಮೇಲಿನ ಮಹಡಿಯ ಕಿಟಕಿಯಿಂದ ಓಡಾಡಿದ್ದರಂತೆ. ಗಾಡಿಯಲ್ಲಿ ವಾಪಸು ಬರುವಾಗ ಕೆಳಗಿನ ಹೊಸ ಹಳಿಯಲ್ಲಿ ಉದ್ದನೆಯ ಗೂಡ್ಸ್ ಹೋಗುತ್ತಿತ್ತು. ಅವರು ಗಾಡಿ ನಿಧಾನ ಮಾಡಿ ಕಿಟಕಿ ಇಳಿಸಿದರು. ಮೂವರೂ ಕೊನೆಯ ಬಂಡಿ ದಾಟುವವರೆಗೆ ಕೇಳಿಸಿಕೊಂಡೆವು.

ಮಂಗಳವಾರ, ಇಳಿದಾರಿ

ಪಶ್ಚಿಮಕ್ಕೆ ಹೋಗುವ ರೈಲು ಬೆಳಗಿನದು, ತಡವಾಗಿ ಬಂತು. ಚಳಿಗಾಲದಲ್ಲಿ ಈ ದಾರಿಯಲ್ಲಿ ಬರುವವರು ಅದೇ ದಿನ ವಿಮಾನ ಹಿಡಿಯುವ ಯೋಜನೆ ಇಟ್ಟುಕೊಳ್ಳಬಾರದು, ಒಂದು ದಿನ ಕೈಯಲ್ಲಿರಲಿ. ಎರಡು ಹೊತ್ತಿನ ತಿಂಡಿ, ನೀರು, ಒಂದು ಶಾಲು ಕೈಚೀಲದಲ್ಲಿ ಇರಲಿ. ಕಾಯುವಾಗ ಪ್ಲಾಟ್‌ಫಾರ್ಮಿನ ಹಿಮ ತೆಗೆಯುತ್ತಿದ್ದ ಹೆಂಗಸೊಬ್ಬಳಿಗೆ ನಮ್ಮ ಡಬ್ಬಿಯಲ್ಲಿ ಉಳಿದಿದ್ದ ಕೋಡುಬಳೆ ಕೊಟ್ಟೆವು. ಗ್ಲೌಸು ಬಿಚ್ಚಿ ಒಂದು ತಿಂದಳು, ಉಳಿದದ್ದನ್ನು ಜೊತೆಗಾರನಿಗೆಂದು ಜೇಬಿಗಿಳಿಸಿದಳು. ರಾತ್ರಿ ಎರಡರಿಂದ ಕೆಲಸದಲ್ಲಿದ್ದಾಳಂತೆ.

ಡಾನರ್ ಕೆರೆ ಈ ಸಲ ಪೂರ್ತಿ ಕಂಡಿತು, ಕಡುನೀಲಿ. ನಾರ್ಡನ್ ದಾಟುವಾಗ ಪಾಯಿಂಟಿನ ಹತ್ತಿರ ಯಾರಾದರೂ ಇದ್ದಾರೆಯೇ ಎಂದು ನೋಡಿದೆ. ಇರಲಿಲ್ಲ. ಹೊಸದಾಗಿ ಗುಡಿಸಿದ ಜಾಗ, ಬೂಟಿನ ಗುರುತು ಇತ್ತು.

ರೋಸ್‌ವಿಲ್‌ನಲ್ಲಿ ಮಳೆ ಹಿಡಿದಿತ್ತು. ರೋಟರಿಗಳನ್ನು ಇಡುವುದು ಈ ಊರಿನ ಯಾರ್ಡಿನಲ್ಲೇ. ಅಪರೂಪಕ್ಕೆ, ತೀರಾ ಭಾರೀ ಚಳಿಗಾಲ ಬಂದಾಗ ಹೊರಗೆ ತೆಗೆಯುತ್ತಾರೆ. ವಾರದ ಕೊನೆಗೆ ಇನ್ನೊಂದು ಬಿರುಗಾಳಿ ಇದೆಯೆಂದು ತಂಗಿಯ ಫೋನ್ ಆಗಲೇ ಹೇಳುತ್ತಿತ್ತು.

"ಅಕ್ಕಾ, ಬೇಸಿಗೇಲಿ ಮತ್ತೆ ಬರೋಣ್ವಾ? ಆ ಗೋಡೆ ಬುಡದವರೆಗೂ ಕಾಲುದಾರಿ ಇದೆಯಂತೆ, ಮನೆಯೊಡತಿ ಹೇಳ್ತಿದ್ರು."

ಜುಲೈ ಹೊತ್ತಿಗೆ ಹಿಮ ಕರಗಿರುತ್ತದೆ. ಆ ಕಲ್ಲುಗಳನ್ನು ಕೈಯಿಂದ ಮುಟ್ಟಿ ನೋಡಬೇಕು. ಟಿಕೆಟ್ ನೋಡು ಎಂದೆ.